ಅತ್ತೆಯ ತಲೆ ಮೇಲೆ ಲೈಸೆನ್ಸು

ಕ್ಲೋವಿಸ್ ವೆರೆಟ್ ಹೆಂಗಸರ ಕೂದಲು ಕತ್ತರಿಸುವ ಕೆಲಸ ಕಲಿಯಲು ಸೇರಿಕೊಂಡಿದ್ದಾನೆ ಅನ್ನುವ ಸುದ್ದಿ ಬಾಯೂ ಅನ್ನುವ ಆ ಜವುಗು ಹೊಳೆಯ ದಂಡೆಯ ಉದ್ದಕ್ಕೂ ಒಂದೇ ಬೆಳಿಗ್ಗೆಯಲ್ಲಿ ಹರಡಿಬಿಟ್ಟಿತು. ಸೇತುವೆ ಪಕ್ಕದ ಅಂಗಡಿಯಲ್ಲಿ ಕಾಫಿ ಕುಡಿಯುತ್ತಿದ್ದವರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಕಾಫಿ ಮೂಗಿಗೇರುವಷ್ಟು ನಕ್ಕರು.

ನಗದೆ ಏನು ಮಾಡಿಯಾರು? ಕ್ಲೋವಿಸ್ ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲಾಗುತ್ತಿತ್ತು, ಅಂಥಾ ಆಳು. ಒಂದೊಂದು ಅಂಗೈಯೂ ಊಟದ ತಟ್ಟೆಯಷ್ಟು ಅಗಲ. ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಟ್ಟೆಯ ಮೇಲೆ ಅರ್ಧ ಆಯುಷ್ಯ ಕ್ರೇನ್ ಓಡಿಸಿದ್ದ. ಎಂಬತ್ತಾರನೇ ಇಸವಿಯಲ್ಲಿ ಎಣ್ಣೆ ಬೆಲೆ ನೆಲಕಚ್ಚಿತು. ಲೂಸಿಯಾನದ ಆ ಕರಾವಳಿಯಲ್ಲಿ ಮನೆಮನೆಗೂ ಒಬ್ಬೊಬ್ಬ ಗಂಡಸು ಕೆಲಸ ಕಳೆದುಕೊಂಡು ಜಗಲಿ ಹಿಡಿದು ಕೂತ. ಕ್ಲೋವಿಸನೂ ಕೂತ. ಆದರೆ ಅವನಿಗೆ ಕೂತು ಅಭ್ಯಾಸವಿರಲಿಲ್ಲ. ಜಗಲಿಯ ಕುರ್ಚಿ ಎರಡು ಸಲ ಮುರಿಯಿತು.

ಕೆಲಸ ಹೋದವರಿಗೆ ಹೊಸ ಕಸುಬು ಕಲಿಸುತ್ತೇವೆ ಅಂತ ಹೋಮಾ ಪಟ್ಟಣದ ಒಂದು ಸಭಾಂಗಣದಲ್ಲಿ ಮೇಜು ಹಾಕಿಕೊಂಡು ಕೂತಿದ್ದರು. ವೆಲ್ಡಿಂಗ್ ಮೇಜಿನ ಮುಂದಿನ ಸಾಲು ಬಾಗಿಲು ದಾಟಿ ರಸ್ತೆಗೆ ಬಂದಿತ್ತು. ಏರ್ ಕಂಡೀಷನರ್ ರಿಪೇರಿಯದು ಅದಕ್ಕಿಂತ ಉದ್ದ. ಮೂಲೆಯ ಮೇಜಿನ ಹಿಂದೆ ಮಾತ್ರ ಒಬ್ಬ ದಪ್ಪನೆ ಹೆಂಗಸು ಒಬ್ಬಳೇ ನೆಮ್ಮದಿಯಾಗಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಅವಳು ಸೌಂದರ್ಯ ಶಾಲೆಯ ಮಿಸೆಸ್ ಶೋವಾನ್. ಕ್ಲೋವಿಸ್ ಟೋಪಿ ತೆಗೆದು ಅವಳ ಮುಂದೆ ಹೋಗಿ ನಿಂತ.

"ಹೆಂಡ್ತೀನ ಸೇರಿಸ್ಬೇಕಿತ್ತಾ?"

"ಇಲ್ಲ ಮೇಡಂ. ನನ್ನೇ."

ಮಿಸೆಸ್ ಶೋವಾನ್ ಅಗಿಯುವುದನ್ನು ನಿಲ್ಲಿಸಿದಳು. "ಕೈ ತೋರ್ಸಿ."

ತೋರಿಸಿದ. ಸಂತೆಯಲ್ಲಿ ಮೀನು ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದಳು. "ನಡುಗತ್ತಾ?"

"ಕ್ರೇನಿಂದ ಜನಾನ ಬುಟ್ಟೀಲಿ ದೋಣಿಗೆ ಇಳಿಸ್ತಿದ್ದೆ ಮೇಡಂ. ನಡುಗಿದ್ರೆ ಅವ್ರೆಲ್ಲ ಸಮುದ್ರದ ಪಾಲಾಗಿರೋರು."

"ನಾಳೆ ಬೆಳಿಗ್ಗೆ ಬನ್ನಿ. ನಿಮ್ಮ ಅಳತೆ ಬಿಳಿ ಕೋಟು ನಮ್ಮತ್ರ ಇಲ್ಲ, ಹೊಲಿಸ್ಕೊಂಡ್ ಬನ್ನಿ."

ಸಾಲು ಚಿಕ್ಕದಿತ್ತು ಅಂತ ಸೇರಿದ್ದು ಅಂತ ಕ್ಲೋವಿಸ್ ಊರಿಗೆಲ್ಲ ಹೇಳಿಕೊಂಡ. ಅದು ಅರ್ಧ ಸತ್ಯ. ಎಣ್ಣೆ ಕಟ್ಟೆಯ ಮೇಲೆ ಕ್ಷೌರದಂಗಡಿ ಎಲ್ಲಿಂದ ಬರಬೇಕು? ಒಮ್ಮೆ ಅಡುಗೆಯವನ ಕೂದಲು ಸಾರಿಗೆ ಬೀಳುತ್ತಿದೆ ಅಂತ ಗಲಾಟೆಯಾದಾಗ ಕ್ಲೋವಿಸನೇ ಕತ್ತರಿ ತೆಗೆದುಕೊಂಡು ಅವನನ್ನು ಡಬ್ಬದ ಮೇಲೆ ಕೂರಿಸಿದ್ದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ದಿನವಿಡೀ ಒಬ್ಬರಿಗೊಬ್ಬರು ಬೈದಾಡುವ ಒರಟರು, ಕುತ್ತಿಗೆಗೆ ಟವೆಲು ಸುತ್ತಿ ತಲೆ ಬಗ್ಗಿಸಿದ ಕೂಡಲೇ ಕೂಸುಗಳಂತೆ ಮೆತ್ತಗಾಗುತ್ತಿದ್ದರು. ಹೆಂಡತಿಯ ಜ್ವರ, ಮಗಳ ಮದುವೆ, ಮನಸ್ಸಿನ ಹೆದರಿಕೆ, ಎಲ್ಲ ಬಾಯಿಗೆ ಬರುತ್ತಿತ್ತು. ಕ್ಲೋವಿಸನಿಗೆ ಅದು ಇಷ್ಟವಾಗಿತ್ತು. ಯಾರ ಹತ್ತಿರವೂ ಹೇಳಿರಲಿಲ್ಲ, ಅಷ್ಟೇ.

ಮನೆಯಲ್ಲಿ ವಿಷಯ ಹೇಳಿದಾಗ ಹೆಂಡತಿ ವರ್ಡೀ ನಕ್ಕಳು, ಕಣ್ಣೊರೆಸಿಕೊಂಡಳು, "ಆಯ್ತು ಬಿಡು, ನನ್ನ ಕೂದ್ಲಿಗಾದ್ರೂ ಒಂದು ಗತಿ ಕಾಣಿಸು" ಅಂದಳು. ಅವಳು ಸೀಗಡಿ ಸುಲಿಯುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಸಂಬಳದಲ್ಲಿ ಮನೆ ನಡೆಯುತ್ತಿತ್ತು.

ಸುಮ್ಮನಾಗದವಳು ಅತ್ತೆ, ವರ್ಡೀಯ ತಾಯಿ. ವಿಧವೆಯಾದರೂ ಆ ಕಡೆಯ ರೂಢಿಯಂತೆ ಎಲ್ಲರೂ ಅವಳನ್ನು ಮಿಸ್ ಅಂತಲೇ ಕರೆಯುತ್ತಿದ್ದರು. ಎಪ್ಪತ್ತು ದಾಟಿದ ಮಿಸ್ ಒಡಾಲೀ ಹಿಂದಿನ ಕೋಣೆಯಲ್ಲಿ ಇದ್ದಳು ಅಂತ ಹೆಸರಿಗೆ. ಅವಳ ಬಾಯಿ ಮಾತ್ರ ಇಡೀ ಮನೆಯಲ್ಲಿ ಇತ್ತು.

"ನಮ್ಮಪ್ಪ ಮೊಸಳೆ ಹಿಡೀತಿದ್ದ," ಅಂದಳು, ಅವರೆಕಾಳು ಸುಲಿಯುತ್ತಾ. "ನನ್ ಗಂಡ ಸೀಗಡಿ ಹಿಡೀತಿದ್ದ. ಅಳಿಯ ಬಂದು ಹೆಂಗಸ್ರ ಜುಟ್ಟು ಹಿಡೀತಾನಂತೆ."

"ಮೊಸಳೇನೂ ಒಂದು ಕೈ ನೋಡ್ಕೋತೀನಿ ಮಿಸ್ ಒಡಾಲೀ, ಅದಕ್ಕೆ ಕೂದ್ಲು ಬರ್ಲಿ."

"ನನ್ ತಲೆ ಹತ್ರ ಮಾತ್ರ ಬರ್ಬೇಡ. ಬೆರಳು ಕಚ್ಚಿಬಿಡ್ತೀನಿ."

ಅವಳ ಕೂದಲು ಸೊಂಟ ಮುಟ್ಟುತ್ತಿತ್ತಂತೆ. ಅಂತೆ ಅನ್ನುವುದು ಯಾಕೆಂದರೆ ಗಂಡ ಸತ್ತ ಮೇಲೆ ಅದನ್ನು ಬಿಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಸದಾ ಬಿಗಿದ ತುರುಬು.

ಶಾಲೆಯಲ್ಲಿ ಕ್ಲೋವಿಸನ ಜೊತೆಯವರೆಲ್ಲ ಅವನ ಮಕ್ಕಳ ವಯಸ್ಸಿನ ಹುಡುಗಿಯರು. ಮೊದಲ ವಾರ ಅವನನ್ನು ನೋಡಿ ಕಿಸಕ್ಕೆಂದರು. ಎರಡನೇ ವಾರ ಜಾಮ್ ಆದ ಡ್ರೈಯರ್, ಕೆಟ್ಟ ಕಾರು, ಕೈಕೊಟ್ಟ ಪ್ರೇಮಿ ಎಲ್ಲದಕ್ಕೂ ಅವನನ್ನೇ ಹಿಡಿದರು. ಮನೆಯಲ್ಲಿ ಅಭ್ಯಾಸ ಮಾಡಲು ಚಿನ್ನದ ಬಣ್ಣದ ಕೂದಲಿನ ಗೊಂಬೆ ತಲೆಯೊಂದನ್ನು ಕೊಟ್ಟಿದ್ದರು. ಹಾಳಾಗಬಾರದು ಅಂತ ಕ್ಲೋವಿಸ್ ಅದನ್ನು ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿ ಕರೆತರುತ್ತಿದ್ದ. ಕ್ಲೋವಿಸ್ ಯಾರೋ ಹೊಂಗೂದಲಿನ ಹೆಂಗಸಿನ ಜೊತೆ ಸುತ್ತುತ್ತಿದ್ದಾನೆ ಅಂತ ಮೂರು ಜನ ಬೇರೆಬೇರೆಯಾಗಿ ಬಂದು ವರ್ಡೀಗೆ ಕಿವಿಯೂದಿದರು. "ಅವಳಿಗೆ ಕತ್ತು ಕೆಳಗೆ ಏನೂ ಇಲ್ಲ, ಪರ್ವಾಗಿಲ್ಲ ಬಿಡಿ" ಅಂತ ವರ್ಡೀ ಕಳಿಸಿದಳು.

ಕೈಕೆಲಸಕ್ಕೇನೂ ತೊಂದರೆಯಾಗಲಿಲ್ಲ. ಪರ್ಮ್ ಮಾಡಲು, ಅಂದರೆ ಗುಂಗುರು ಬರಿಸಲು, ಸುರುಳಿ ಕಡ್ಡಿಗೆ ಕೂದಲು ಸುತ್ತುವುದನ್ನು ಚಿಕ್ಕಂದಿನಲ್ಲಿ ಬಲೆ ಹೆಣೆದ ಬೆರಳುಗಳು ಬೇಗ ಕಲಿತವು. ತೊಂದರೆ ಇದ್ದದ್ದು ಪುಸ್ತಕದಲ್ಲಿ. ಇಟ್ಟಿಗೆಯಷ್ಟು ದಪ್ಪ ಪುಸ್ತಕ. ಚರ್ಮದ ಪದರ, ಮುಖದ ಸ್ನಾಯು, ವಿದ್ಯುತ್ತು, ರಸಾಯನ, ಉಗುರಿನ ರೋಗ, ನೆತ್ತಿಯ ರೋಗ. ಹುಡುಗನಾಗಿ ಕ್ಲೋವಿಸ್ ಶಾಲೆಗೆ ಹೋದಾಗ ಅವನಿಗೆ ಮನೆಯ ಫ್ರೆಂಚ್ ಬಿಟ್ಟು ಬೇರೆ ಬರುತ್ತಿರಲಿಲ್ಲ. ಆಡಿದ ಪ್ರತಿ ಫ್ರೆಂಚ್ ಮಾತಿಗೂ ಇಂಗ್ಲಿಷ್ ಟೀಚರು ಮೂಲೆಯಲ್ಲಿ ಮಂಡಿಯೂರಿಸುತ್ತಿದ್ದರು. ಎಂಟನೇ ಕ್ಲಾಸಿಗೆ ಸಾಕೆಂದು ದೋಣಿ ಹತ್ತಿದ್ದ. ಅಂದಿನಿಂದ ಇಂಗ್ಲಿಷ್ ಪುಸ್ತಕ ತೆರೆದರೆ ಮಂಡಿ ನೋಯುತ್ತಿತ್ತು.

ಒಂದು ಮಧ್ಯಾಹ್ನ ಅಡುಗೆಮನೆಯ ಮೇಜಿನ ಮುಂದೆ ಕೂತು ಬೆವರು ಸುರಿಸುತ್ತಾ ಓದುತ್ತಿದ್ದ. "ಒನಿ... ಒನಿಕೊ... ಒನಿಕೊಫಾ..."

"ಯಾರಿಗೆ ಬೈತಿದೀಯ?" ಅಂದಳು ಮಿಸ್ ಒಡಾಲೀ.

"ರೋಗದ ಹೆಸರು. ಇಂಥಾವು ಎರಡು ಪುಟ ಇವೆ. ಒಂದೂ ತಲೆಗೆ ಹತ್ತಲ್ಲ."

"ಕೊಡಿಲ್ಲಿ." ಕನ್ನಡಕ ಏರಿಸಿಕೊಂಡಳು. ಚಿಕ್ಕವಳಿದ್ದಾಗ ಸನ್ಯಾಸಿನಿಯರ ಶಾಲೆಯಲ್ಲಿ ನಾಲ್ಕು ವರ್ಷ ಕೂತು ಬಂದವಳು. ಲ್ಯಾಟಿನ್ ಪೂಜೆ ಕೇಳಿ ಬೆಳೆದವಳು. ಪಟ್ಟಿಯನ್ನು ಒಮ್ಮೆ ನೋಡಿ ಮುಖ ಅರಳಿಸಿದಳು. "ಅಯ್ಯೋ ಮಂಕೇ, ಇದು ಇಂಗ್ಲಿಷಲ್ಲ. ಇದು ಇಗರ್ಜಿ ಭಾಷೆ. ಇದನ್ನ ಓದ್ಬಾರ್ದು, ಹಾಡ್ಬೇಕು."

ಎದೆ ಸೆಟೆಸಿ, ಒಬ್ಬರು ಸಂತರ ಹೆಸರು ಕೂಗಿ ಉಳಿದವರು ಉತ್ತರ ಕೊಡುವ ಪ್ರಾರ್ಥನಾಮಾಲೆಯ ಧಾಟಿಯಲ್ಲಿ ರಾಗ ಎಳೆದಳು. "ಒನಿಕೊಫೇಜೀ..."

ಕ್ಲೋವಿಸನ ಬಾಯಲ್ಲಿ ಬಾಲ್ಯದ ಉತ್ತರ ತಾನೇ ತಾನಾಗಿ ಬಂದುಬಿಟ್ಟಿತು. "ನಮಗಾಗಿ ಪ್ರಾರ್ಥಿಸಿರಿ."

"ಏನದು?"

"ಉಗುರು ಕಚ್ಚೋ ಚಟ."

"ಪಿಟಿರಿಯಾಸಿಸ್..."

"ನಮಗಾಗಿ ಪ್ರಾರ್ಥಿಸಿರಿ. ತಲೆ ಹೊಟ್ಟು."

"ಟೀನಿಯಾ ಪೇಡಿಸ್..."

"ನಮಗಾಗಿ ಪ್ರಾರ್ಥಿಸಿರಿ. ಕಾಲಿನ ಹುಳುಕಡ್ಡಿ. ಮುಟ್ಬಾರ್ದು, ಡಾಕ್ಟ್ರ ಹತ್ರ ಕಳಿಸ್ಬೇಕು."

ಹೀಗೆ ಶುರುವಾಯಿತು. ಜಪಸರಕ್ಕೆಂದು ವಾರಕ್ಕೊಮ್ಮೆ ಮಿಸ್ ಒಡಾಲೀಯ ಹತ್ತಿರ ಬರುತ್ತಿದ್ದ ಮುದುಕಿಯರು ಜಪ ಮುಗಿದ ಮೇಲೆ ಇದಕ್ಕೂ ಕೂರತೊಡಗಿದರು. ಅವರಿಗೆ ಕಾಫಿ ಜೊತೆಗೆ ಒಳ್ಳೆಯ ಮನರಂಜನೆ. ಒಂದು ದಿನ ಅವರೆಲ್ಲ ಕಣ್ಣು ಮುಚ್ಚಿ ರಾಗವಾಗಿ ಹೇಳುತ್ತಿದ್ದಾಗ ಹೊಸದಾಗಿ ಬಂದಿದ್ದ ಯುವ ಪಾದ್ರಿ ಬಾಗಿಲಲ್ಲಿ ಬಂದು ನಿಂತರು. ಭಕ್ತಿಯಿಂದ ತಾವೂ ತಲೆ ತಗ್ಗಿಸಿ ಎರಡು ಸಲ "ನಮಗಾಗಿ ಪ್ರಾರ್ಥಿಸಿರಿ" ಅಂದರು. ಆಮೇಲೆ ಅನುಮಾನ ಬಂತು.

"ಅಮ್ಮಾ, ಈ ಸಂತ ಒನಿಕೊಫೇಜಿ ಯಾರು? ನಾನು ಕೇಳಿಲ್ವಲ್ಲ."

"ಉಗುರು ಕಚ್ಚೋ ಕಾಯಿಲೆ ಸ್ವಾಮಿ," ಅಂದಳು ಮಿಸ್ ಒಡಾಲೀ, ಕಣ್ಣು ಮಿಟುಕಿಸದೆ. "ತಮ್ಮ ಕೈ ನೋಡಿದ್ರೆ ತಮಗೆ ಪರಿಚಯ ಇರೋ ಹಾಗಿದೆ."

ಪಾದ್ರಿಗಳು ಎರಡೂ ಕೈಗಳನ್ನು ನಿಲುವಂಗಿಯ ತೋಳೊಳಗೆ ಎಳೆದುಕೊಂಡರು. ಬಂದ ಕೆಲಸ ಏನೆಂಬುದನ್ನೇ ಮರೆತು ಕಾಫಿ ಕುಡಿದು ಹೋದರು.

ವರ್ಷ ಕಳೆದು ಲೈಸೆನ್ಸಿನ ಪರೀಕ್ಷೆ ಬಂತು. ರಾಜಧಾನಿ ಬ್ಯಾಟನ್ ರೂಜ್‌ನಲ್ಲಿ ಒಂದೇ ದಿನ ಎರಡೂ: ಬೆಳಿಗ್ಗೆ ಬರೆಯುವುದು, ಮಧ್ಯಾಹ್ನ ಕೈಕೆಲಸ. ಕೈಕೆಲಸಕ್ಕೆ ಗೊಂಬೆ ತಲೆ ನಡೆಯುವುದಿಲ್ಲ, ಜೀವಂತ ಮನುಷ್ಯರನ್ನೇ ಕರೆದುಕೊಂಡು ಹೋಗಬೇಕು. ವರ್ಡೀ ಹೋಗುವುದೆಂದು ತೀರ್ಮಾನವಾಗಿತ್ತು. ಹಿಂದಿನ ದಿನ ಶೆಡ್ಡಿನಲ್ಲಿ ಸೀಗಡಿಯ ಮೂತಿಯ ಮುಳ್ಳು ಅವಳ ಹೆಬ್ಬೆರಳಿಗೆ ಚುಚ್ಚಿತು. ಸಂಜೆಗೆ ಬೆರಳು ಕೆಂಪಗೆ ಊದಿ ಟೊಮೇಟೊ ಆಯಿತು. ಪರೀಕ್ಷೆಯಲ್ಲಿ ಮಾಡೆಲ್ಲಿನ ಉಗುರನ್ನೂ ತಿದ್ದಬೇಕು, ಗಾಯವಿರುವ ಕೈಯನ್ನು ಮುಟ್ಟಿದರೆ ಪರೀಕ್ಷೆಯಿಂದಲೇ ಹೊರಗೆ. ಪುಸ್ತಕದಲ್ಲಿ ದಪ್ಪಕ್ಷರದಲ್ಲಿತ್ತು.

ಕ್ಲೋವಿಸ್ ಊರಿನ ಹೆಂಗಸರಿಗೆಲ್ಲ ಫೋನು ಮಾಡಿದ. ಒಬ್ಬಳಿಗೆ ಕೆಲಸ, ಒಬ್ಬಳಿಗೆ ಬಾಣಂತನ, ಒಬ್ಬಳಿಗೆ ಗಂಡನ ಹೆದರಿಕೆ. ಫೋನಿಟ್ಟು ಕೂತ. ಒಲೆಯ ಮೇಲೆ ಬೀನ್ಸ್ ಕುದಿಯುತ್ತಿತ್ತು.

"ಎಷ್ಟು ಕತ್ತರಿಸ್ಬೇಕಂತೆ?" ಅಂದಳು ಮಿಸ್ ಒಡಾಲೀ, ಒಲೆಯ ಕಡೆಗೆ ಮುಖ ಮಾಡಿಕೊಂಡೇ.

ಕ್ಲೋವಿಸನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಒಂದು ಅಂಗುಲ ಕತ್ತರಿಸಿದ್ರೂ ಸಾಕು."

"ಒಂದು ಅಂಗುಲ. ಒಂದೂಕಾಲು ಆದ್ರೆ ನಿನ್ ಕಿವಿ ನನ್ನ ಸಾರಲ್ಲಿ ಇರತ್ತೆ."

"ಇನ್ನೊಂದು ವಿಷ್ಯ ಇದೆ ಮಿಸ್ ಒಡಾಲೀ," ಅಂದ, ಎದ್ದು ನಿಂತು, ಮಧ್ಯೆ ಮೇಜು ಇರುವ ಹಾಗೆ ನೋಡಿಕೊಂಡು. "ಅಲ್ಲಿ ಮಾಡೆಲ್ಲು ಮಾತಾಡೋ ಹಾಗಿಲ್ಲ. ಮಾತಾಡಿದ್ರೆ ನನಗೆ ಹೇಳ್ಕೊಡ್ತಿದಾರೆ ಅಂತ ಅಂಕ ಕಳೀತಾರೆ. ಮಧ್ಯಾಹ್ನ ಪೂರ್ತಿ."

ವರ್ಡೀ ಊದಿದ ಬೆರಳನ್ನು ಉಪ್ಪುನೀರಲ್ಲಿ ಅದ್ದಿಕೊಂಡಿದ್ದವಳು ನಗು ತಡೆಯಲಾರದೆ ಹೊರಗೆ ಓಡಿದಳು.

ಬೆಳಿಗ್ಗೆಯ ಬರೆಯುವ ಪರೀಕ್ಷೆಯಲ್ಲಿ ರೋಗಗಳೆಲ್ಲ ಸರಾಗವಾಗಿ ಬಂದವು. ತುಟಿ ಅಲ್ಲಾಡಿಸುತ್ತಿದ್ದಾನೆ ಅಂತ ಮೇಲ್ವಿಚಾರಕಿ ಎರಡು ಸಲ ಹತ್ತಿರ ಬಂದು ನಿಂತಳು. ಪ್ರಾರ್ಥನೆ ಅಂತ ಗೊತ್ತಾಗಿ ಬಿಟ್ಟು ಹೋದಳು. ವಿದ್ಯುತ್ತು, ರಸಾಯನಕ್ಕೆ ಬಂದಾಗ ಮಾತ್ರ ಯಾವ ಸಂತರೂ ಸಹಾಯಕ್ಕೆ ಬರಲಿಲ್ಲ.

ಮಧ್ಯಾಹ್ನ ಮಿಸ್ ಒಡಾಲೀ ಇಗರ್ಜಿಗೆ ಹಾಕುವ ಕಪ್ಪು ಬೂಟು, ಕಪ್ಪು ಉಡುಪು ತೊಟ್ಟು ರಾಣಿಯ ಹಾಗೆ ಕುರ್ಚಿ ಏರಿದಳು. ಕ್ಲೋವಿಸ್ ತುರುಬಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದ. ಕೂದಲು ಕುರ್ಚಿಯ ಹಿಂದೆ ಸುರಿದು ಬಿತ್ತು. ಬೂದಿ ಬಣ್ಣ, ತುದಿಯಲ್ಲಿ ಇನ್ನೂ ಕಪ್ಪು. ಅತ್ತೆಯ ನೆತ್ತಿ ಅಷ್ಟು ಚಿಕ್ಕದು, ಅಷ್ಟು ಬಿಳಿಚಿಕೊಂಡದ್ದು ಅಂತ ಅವನು ಎಣಿಸಿರಲಿಲ್ಲ. ಒಂದು ಕ್ಷಣ ಕೈ ಹಾಗೇ ನಿಂತುಬಿಟ್ಟಿತು.

ಕನ್ನಡಿಯಲ್ಲಿ ಅವಳ ಎರಡು ಕಣ್ಣು ಅವನನ್ನು ನುಂಗುವ ಹಾಗೆ ನೋಡಿದವು. ಬಾಯಿ ಇಲ್ಲದಿದ್ದರೂ ಬೈಯಬಲ್ಲವಳು. ಕೈ ಮತ್ತೆ ಓಡಿತು.

ತೊಳೆಯುವಾಗ ತಣ್ಣೀರು ಬೆನ್ನಿಗಿಳಿಯಿತು, ಅವಳು ತುಟಿಪಿಟಕ್ಕೆನ್ನಲಿಲ್ಲ. ಅಂಗುಲ ಕತ್ತರಿಸಿದ್ದಾಯಿತು, ಉಗುರು ತಿದ್ದಿದ್ದಾಯಿತು. ಕೊನೆಗೆ ಬಾಚಣಿಗೆ ಮತ್ತು ಬೆರಳುಗಳಿಂದಲೇ ಒದ್ದೆ ಕೂದಲಿಗೆ ಅಲೆ ಅಲೆಯಾಗಿ ಮಡಿಕೆ ಕೂರಿಸುವ ಕೆಲಸ. ಪರೀಕ್ಷಕಿ, ಕುತ್ತಿಗೆಗೆ ಕನ್ನಡಕ ನೇತುಹಾಕಿಕೊಂಡ ಸಣಕಲು ಹೆಂಗಸು, ಪಕ್ಕದಲ್ಲೇ ಬಂದು ನಿಂತಳು. ಮೂರನೇ ಅಲೆಗೆ ಕ್ಲೋವಿಸನ ಬೆವರು ಬೆರಳಿಗಿಳಿದು ಬಾಚಣಿಗೆ ಜಾರಿ ನೆಲಕ್ಕೆ ಬಿತ್ತು.

ಬಿದ್ದ ಬಾಚಣಿಗೆಯನ್ನು ಮತ್ತೆ ಬಳಸಿದರೆ ಅಲ್ಲಿಗೆ ಮುಗಿಯಿತು. ಅದನ್ನು ಪಕ್ಕಕ್ಕೆ ಬಿಟ್ಟು, ಕೈ ತೊಳೆದು, ಹೊಸದು ತೆಗೆದುಕೊಳ್ಳಬೇಕು. ಕ್ಲೋವಿಸನಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೆ ಬಿದ್ದದ್ದನ್ನು ಎತ್ತಿಕೊಂಡು ಕೆಲಸ ಮುಂದುವರಿಸಿ ಅಭ್ಯಾಸವಾದ ಮೈ ಯೋಚನೆಗೆ ಕಾಯದೆ ಬಗ್ಗಿತು. ಬೆರಳು ಮುಟ್ಟುವಷ್ಟರಲ್ಲಿ ಕಪ್ಪು ಬೂಟೊಂದು ಬಂದು ಬಾಚಣಿಗೆಯ ಮೇಲೆ ಧಪ್ಪನೆ ಕೂತಿತು.

ಕ್ಲೋವಿಸ್ ತಲೆ ಎತ್ತಿ ನೋಡಿದ. ಮಿಸ್ ಒಡಾಲೀ ಎದುರಿನ ಗೋಡೆಯ ಗಡಿಯಾರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ಅವನು ಎದ್ದ. ಹೋಗಿ ಕೈ ತೊಳೆದ. ಹೊಸ ಬಾಚಣಿಗೆ ತಂದ.

"ಅಮ್ಮಾ, ಕಾಲು ಆಚೆ ಇಡ್ತೀರಾ?" ಅಂದಳು ಪರೀಕ್ಷಕಿ.

ಮಿಸ್ ಒಡಾಲೀ ಅವಳ ಕಡೆ ತಿರುಗಿ, ಇಂಗ್ಲಿಷ್ ಒಂದಕ್ಷರವೂ ಬಾರದ ಮುದುಕಿಯ ಮುಗ್ಧ ನಗೆ ನಕ್ಕಳು. ಕಾಲು ಅಲ್ಲೇ ಇತ್ತು. ಪರೀಕ್ಷಕಿ ನಿಟ್ಟುಸಿರು ಬಿಟ್ಟು ಪಕ್ಕದ ಕುರ್ಚಿಗೆ ಹೋದಳು.

ಕಟ್ಟಡದ ಬಾಗಿಲು ದಾಟಿದ್ದೇ ತಡ, ಅಣೆಕಟ್ಟು ಒಡೆಯಿತು. ತಣ್ಣೀರು, ಗಟ್ಟಿ ಕುರ್ಚಿ, ಪಕ್ಕದ ಹುಡುಗಿಯ ವಾಸನೆ, ಸಣಕಲಿಯ ಮೂಗು, ಒಂದನ್ನೂ ಬಿಡಲಿಲ್ಲ. ಊರಿನ ದಾರಿ ಅರ್ಧ ಮುಗಿದರೂ ಮಾತು ಮುಗಿಯಲಿಲ್ಲ. ಆಮೇಲೆ ಪಿಕಪ್ಪಿನ ಬಿಸಿಲುಪರದೆ ಇಳಿಸಿದಳು, ಅದರ ಹಿಂದಿನ ಸಣ್ಣ ಕನ್ನಡಿಯಲ್ಲಿ ಮುಖ ಕಂಡಿತು. ಮಾತು ನಿಂತಿತು. ಹಣೆಯಿಂದ ಕಿವಿಯವರೆಗೆ ಒಂದರ ಹಿಂದೊಂದು ಅಲೆ.

"ಇಪ್ಪತ್ತರಲ್ಲಿ ಹೀಗೇ ಮಾಡ್ಕೋತಿದ್ದೆ," ಅಂದಳು. "ಶನಿವಾರದ ಕುಣಿತಕ್ಕೆ. ಅಗಸೇಬೀಜ ಬೇಯ್ಸಿ, ಅದರ ಲೋಳೆ ಹಚ್ಚಿ." ಸ್ವಲ್ಪ ದೂರ ಹೋದ ಮೇಲೆ, "ಬಲಗಡೆಗೆ ತಿರುಗ್ಸು. ನನ್ ತಂಗಿ ಮನೆಗೆ."

ತಂಗಿ ಮನೆಯಾಯಿತು, ನಾದಿನಿ ಮನೆಯಾಯಿತು, ಪಾದ್ರಿಗಳ ಮನೆಯೂ ಆಯಿತು. ಅಲೆ ಕೆಡದಿರಲಿ ಅಂತ ಭಾನುವಾರದ ಪೂಜೆಯವರೆಗೆ ಕುರ್ಚಿಯಲ್ಲೇ ಕೂತು ನಿದ್ದೆ ಮಾಡಿದಳು.

ಫಲಿತಾಂಶ ಬಂತು. ಕೈಕೆಲಸದಲ್ಲಿ ಭರ್ಜರಿ ಪಾಸು. ಬರೆದದ್ದರಲ್ಲಿ ಸ್ವಲ್ಪದರಲ್ಲಿ ಫೇಲು.

ಕ್ಲೋವಿಸ್ ದೋಣಿಕಟ್ಟೆಯ ಮೇಲೆ ಹೋಗಿ ನೀರು ನೋಡುತ್ತಾ ಕೂತ. ಊಟಕ್ಕೆ ಕರೆದರೆ ಬರಲಿಲ್ಲ. ವರ್ಡೀ ಹೋಗಿ ಪಕ್ಕದಲ್ಲಿ ಕೂತಳು. ಕೊನೆಗೆ ಮಿಸ್ ಒಡಾಲೀ ಕೋಲೂರಿಕೊಂಡು ಬಂದಳು.

"ಮಂಡಿ ನೋಯ್ತಿದ್ಯಾ?"

ಅವನಿಗೆ ಆಶ್ಚರ್ಯವಾಯಿತು. ಆ ನೋವಿನ ಸಂಗತಿ ಯಾರಿಗೂ ಹೇಳಿರಲಿಲ್ಲ.

"ನನ್ ಮಕ್ಕಳೂ ಅದೇ ಶಾಲೆಗೆ ಹೋಗಿದ್ದು," ಅಂದಳು. "ನೋಡು, ನಿನ್ ಕೈ ಪಾಸಾಗಿದೆ, ತಲೆ ಫೇಲಾಗಿದೆ. ತಲೆ ರಿಪೇರಿ ಮಾಡ್ಬೋದು. ಏಳು, ಅನ್ನ ತಣ್ಣಗಾಗ್ತಿದೆ."

ರಿಪೇರಿ ಅಡುಗೆಮನೆಯಲ್ಲಿ ನಡೆಯಿತು. ಕೂದಲಿನ ಮೇಲೆ ಕ್ಷಾರ ಬಿದ್ದರೆ ಅದರ ಪದರ ತೆರೆಯುತ್ತದೆ, ಆಮ್ಲ ಬಿದ್ದರೆ ಮುಚ್ಚುತ್ತದೆ. ಪರ್ಮಿನ ಗುಟ್ಟೆಲ್ಲ ಅಷ್ಟೇ. ಹಾಗಂತ ಮಿಸೆಸ್ ಶೋವಾನ್ ಹೇಳಿಕೊಟ್ಟಳು. ಅದನ್ನು ಮಿಸ್ ಒಡಾಲೀ ಕಂಡಕಂಡ ಡಬ್ಬ ಎತ್ತಿ ಹಿಡಿದು ಕೇಳತೊಡಗಿದಳು.

"ವಿನಿಗರ್ರು?"

"ಆಮ್ಲ."

"ಬಟ್ಟೆ ಸೋಪು?"

"ಕ್ಷಾರ."

"ಕಾಫಿ?"

"ಆಮ್ಲ."

"ನಾನು?"

"ಆಮ್ಲ, ಮಿಸ್ ಒಡಾಲೀ. ಎಷ್ಟು ನೀರು ಬೆರೆಸಿದ್ರೂ ಕಮ್ಮಿಯಾಗಲ್ಲ."

ಸೌಟು ಬೀಸಿ ಬಂತು, ಅವನು ತಪ್ಪಿಸಿಕೊಂಡ. ಮುದುಕಿ ಒಲೆಗೆ ಮುಖ ಮಾಡಿ ಹೊಟ್ಟೆ ಹಿಡಿದು ನಗುತ್ತಿದ್ದಳು.

ಎರಡನೇ ಸಲ ಪಾಸಾದ. ಲೈಸೆನ್ಸನ್ನು ಗಾಜು ಹಾಕಿಸಿ ಮನೆಯ ಮುಂದಿನ ಕೋಣೆಯಲ್ಲಿ ತೂಗುಹಾಕಿದ. ಅಲ್ಲೇ ಎರಡು ಕುರ್ಚಿ, ಒಂದು ತೊಳೆಯುವ ತೊಟ್ಟಿ ಇಟ್ಟು ಅಂಗಡಿ ತೆರೆದ. ಮೊದಲು ಬಂದವರು ಜಪಸರದ ಮುದುಕಿಯರು. ಆಮೇಲೆ ಅವರ ಸೊಸೆಯರು. ಕಾಫಿ ಅಂಗಡಿಯಲ್ಲಿ ನಕ್ಕವರು ತಿಂಗಳುಗಟ್ಟಲೆ ಬಿಗುಮಾನದಿಂದ ದೂರವಿದ್ದು, ಒಬ್ಬರ ಕಣ್ಣಿಗೊಬ್ಬರು ಬೀಳದ ಹಾಗೆ ಹಿತ್ತಲ ಬಾಗಿಲಿಂದ ಬರತೊಡಗಿದರು. ಕುರ್ಚಿಯಲ್ಲಿ ತಲೆ ಬಗ್ಗಿಸಿದ ಮೇಲೆ ಅವರೂ ತಮ್ಮ ಸಂಕಟ ಹೇಳಿಕೊಂಡರು. ಕ್ಲೋವಿಸ್ ಕೇಳಿಸಿಕೊಂಡ, ಯಾರಿಗೂ ಹೇಳಲಿಲ್ಲ.

ಹೇಳುತ್ತಿದ್ದವಳು ಮಿಸ್ ಒಡಾಲೀ. ಕಿಟಕಿ ಪಕ್ಕದ ಕುರ್ಚಿ ಹಿಡಿದು ಕೂತು, ಬಂದವರಿಗೆಲ್ಲ ನಿನಗೆ ಈ ಬಣ್ಣ ಒಪ್ಪಲ್ಲ, ನಿನ್ನ ಹಣೆ ಅಗಲ, ನಿನ್ನ ಮಗನಿಗೆ ಆ ಹುಡುಗಿ ಬೇಡ ಅಂತ ಶುರುಮಾಡಿದಳು. ಇಬ್ಬರು ಗಿರಾಕಿಗಳು ಒದ್ದೆ ತಲೆಯಲ್ಲೇ ಎದ್ದು ಹೋದರು. ಕ್ಲೋವಿಸ್ ಧೈರ್ಯ ತಂದುಕೊಂಡು, "ಶನಿವಾರ ಜನ ಜಾಸ್ತಿ ಮಿಸ್ ಒಡಾಲೀ. ಆ ಕುರ್ಚಿ ಗಿರಾಕಿಗಳಿಗೆ ಬೇಕು. ಅವತ್ತೊಂದಿನ ತಾವು ಒಳಗಿರಿ" ಅಂದ.

ಅವಳು ಏನೂ ಅನ್ನದೆ ಒಳಗೆ ಹೋದದ್ದು ನೋಡಿ ವರ್ಡೀಗೇ ಹೆದರಿಕೆಯಾಯಿತು.

ಮುಂದಿನ ಶನಿವಾರ ಬೆಳಿಗ್ಗೆ ಕ್ಲೋವಿಸ್ ಬಾಗಿಲು ತೆರೆದಾಗ ಮೆಟ್ಟಿಲ ಮೇಲೆ ಮಿಸ್ ಒಡಾಲೀ ಕೈಚೀಲ ಹಿಡಿದು, ಟೋಪಿ ಹಾಕಿಕೊಂಡು, ಪರ ಊರಿನವಳ ಹಾಗೆ ನಿಂತಿದ್ದಳು. ಹಿತ್ತಲಿನಿಂದ ಹೊರಗೆ ಹೋಗಿ ಮನೆ ಸುತ್ತಿ ಬಂದಿದ್ದಳು.

"ತೊಳ್ದು, ಅಲೆ ಹಾಕ್ಬೇಕಿತ್ತು," ಅಂದಳು. "ಅವಸರ ಏನಿಲ್ಲ. ನನಗಿಂತ ಮುಂಚೆ ಬಂದೋರು ಎಷ್ಟು ಜನ ಇದ್ರೂ ಎಲ್ರದ್ದೂ ಮುಗೀಲಿ. ನಾನು ಕಾಯ್ತೀನಿ."

ಅಂದವಳೇ ಅವನನ್ನು ಪಕ್ಕಕ್ಕೆ ಸರಿಸಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.